ಬಾಲನೆರೆ

ನ್ಯುಮೋನಿಯಾ ಎಂದು ಆಸ್ಪತ್ರೆ ಸೇರಿದ ಮೇಲೆ ಹೊಲಿಗೆಯಮ್ಮನಿಗೆ ಮಂಚ ನೆಲದ ಮೇಲಿದೆಯೋ ನೀರಿನ ಮೇಲಿದೆಯೋ ತಿಳಿಯುತ್ತಿರಲಿಲ್ಲ. ಮಾಸ್ಕಿನೊಳಗೆ ಆಕ್ಸಿಜನ್ ಸುಯ್ಯೆನ್ನುತ್ತಿತ್ತು. ಕಿಟಕಿಯ ಪರದೆ ಉಬ್ಬಿದರೆ, ತಾನು ಎಂದೋ ಹೊಲಿದುಕೊಟ್ಟ ಫ್ರಾಕೊಂದು ಒಳಗೆ ಯಾರೂ ಇಲ್ಲದೆ ನಡೆದುಬಂದಂತೆ ಕಾಣುತ್ತಿತ್ತು. ಅವಳು ಅದಕ್ಕೆ ದಾರಿ ಬಿಟ್ಟು ಮಂಚದ ಅಂಚಿಗೆ ಸರಿಯುತ್ತಿದ್ದಳು.

ಆದರೆ ಕಿವಿ ಮಾತ್ರ ಚುರುಕಾಗಿಯೇ ಇತ್ತು. ಪಕ್ಕದ ಮಂಚದಾಕೆಯ ಮಗಳಿಗೆ ಡಾಕ್ಟರಮ್ಮ ಹೇಳುತ್ತಿದ್ದುದು ಕೇಳಿಸಿತ್ತು: "ಎಪ್ಪತ್ತು ದಾಟಿದೋರನ್ನ ಈ ಸೋಂಕು ಸುಲಭಕ್ಕೆ ಬಿಡಲ್ಲಮ್ಮ. ಮೈಯೆಲ್ಲ ಕಣ್ಣಾಗಿ ನೋಡ್ಕೋಬೇಕು." ಅದೇ ಡಾಕ್ಟರಮ್ಮ ಇವಳ ಹತ್ತಿರ ಬಂದು, "ನಿಮಗಿನ್ನೂ ಅರವತ್ತೆರಡು ತಾನೇ? ಎದ್ದು ಓಡಾಡ್ತೀರಿ ಬಿಡಿ," ಎಂದು ನಕ್ಕು ಹೋಗಿದ್ದಳು.

ಅರವತ್ತೆರಡಂತೆ! ಹೊಲಿಗೆಯಮ್ಮನಿಗೆ ಎಪ್ಪತ್ತೊಂದು. ಮದುವೆಯ ಮಾತು ನಡೆದಾಗ, ಹುಡುಗ ತನಗಿಂತ ಆರು ವರ್ಷ ಚಿಕ್ಕವನೆಂದು ತಿಳಿದು ಒಂಬತ್ತು ವರ್ಷಗಳನ್ನು ನುಂಗಿ ನೀರು ಕುಡಿದಿದ್ದಳು. ಆರು ನುಂಗಿದ್ದರೂ ಸಾಕಿತ್ತು, ಆಸೆ ನೋಡಿ. ಅಳತೆ ತಪ್ಪಿದ ಬಟ್ಟೆಯನ್ನಾದರೆ ಬಿಚ್ಚಿ ಹೊಲಿಯಬಹುದು, ಇದನ್ನು ಬಿಚ್ಚಲು ಧೈರ್ಯವೇ ಬರಲಿಲ್ಲ. ಕೂದಲು ಬೆಳ್ಳಗಾಗತೊಡಗಿದಾಗ, "ಬಾಲನೆರೆ ರೀ, ನಮ್ಮ ಮನೆಯವರಿಗೆಲ್ಲ ಹೀಗೇ," ಎಂದಿದ್ದಳು. ಕ್ಷೌರದಂಗಡಿಯವನಾದ ಗಂಡ ಹೂಂಗುಟ್ಟಿ ತಾನೇ ಬಣ್ಣ ಹಚ್ಚತೊಡಗಿದ. ಅಂದಿನಿಂದ ಅವಳ ಬೈತಲೆಯಲ್ಲಿ ಒಂದು ಬಿಳಿ ಎಳೆ ಇಣುಕಲೂ ಅವನು ಬಿಟ್ಟವನಲ್ಲ.

ಈಗ ಆ ಸುಳ್ಳು ಕುತ್ತಿಗೆಗೆ ಬಂದಿತ್ತು. ಅರವತ್ತೆರಡರವಳು ಎಂದು ಅಸಡ್ಡೆ ಮಾಡಿದರೆ ಎಪ್ಪತ್ತೊಂದರ ಎದೆ ತಡೆದೀತೇ? ಹೇಳದಿದ್ದರೆ ಜೀವ ಹೋದೀತು, ಹೇಳಿದರೆ ಮಾನ ಹೋದೀತು. ಯೋಚಿಸುತ್ತ ಯೋಚಿಸುತ್ತ ಮತ್ತೆ ತೇಲಿದಳು. ಗಂಡನ ಅಂಗಡಿಯ ಎದುರುಬದುರು ಕನ್ನಡಿಗಳ ನಡುವೆ ಕೂತಿದ್ದಳು. ಒಬ್ಬಳ ಹಿಂದೊಬ್ಬಳು ಅವಳೇ, ಹಿಂದೆ ಹೋದಷ್ಟೂ ಚಿಕ್ಕವಳು. ಅವರೆಲ್ಲ ಉಸಿರು ಬಿಗಿಹಿಡಿದು ಮುಂದೆ ಕೂತ ಮುದುಕಿಯ ಬಾಯನ್ನೇ ನೋಡುತ್ತಿದ್ದರು.

ತಲೆಯಲ್ಲಿ ಬಾಚಣಿಗೆ ಆಡಿದಂತಾಗಿ ಎಚ್ಚರವಾಯಿತು. ಗಂಡ ಸಿಕ್ಕು ಬಿಡಿಸುತ್ತಿದ್ದ. ಅವಳು ಮಾಸ್ಕ್ ಸರಿಸಿದಳು.

"ರೀ... ನನಗೆ ಎಪ್ಪತ್ತೊಂದು. ಡಾಕ್ಟ್ರಿಗೆ ಹೇಳಿಬಿಡಿ."

"ಮೊದಲು ಅದನ್ನ ಹಾಕ್ಕೋ," ಎಂದು ಅವನು ಮಾಸ್ಕನ್ನು ಮೂಗಿಗೆ ಸರಿಯಾಗಿ ಕೂರಿಸಿದ. "ಸೇರಿಸಿದ ದಿನವೇ ಹೇಳಿದೀನಿ. ಎಪ್ಪತ್ತೊಂದಕ್ಕೆ ಏನೇನು ಬೇಕೋ ಎಲ್ಲ ಮಾಡಿ, ಅವಳ ಎದುರಿಗೆ ಮಾತ್ರ ಅರವತ್ತೆರಡು ಅನ್ನಿ ಅಂತ."

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು.

"ಜೀವಮಾನವೆಲ್ಲ ಜನರ ತಲೆ ನೋಡಿದೋನು ಕಣೇ ನಾನು. ಬಾಲನೆರೆ ಯಾವುದು, ವಯಸ್ಸಿನ ನೆರೆ ಯಾವುದು ಗೊತ್ತಾಗಲ್ವಾ?"

ಅವಳಿಗೆ ನಾಚಿಕೆಯಾಯಿತು, ಹಿಂದೆಯೇ ಎದೆ ಹಗುರವೂ ಆಯಿತು. ಮಾಸ್ಕಿನೊಳಗಿಂದಲೇ ಕೇಳಿದಳು: "ಡಾಕ್ಟ್ರು ಏನಂದ್ರು?"

ಬಾಚಣಿಗೆ ನಿಂತಿತು.

"ಅರವತ್ತೆರಡೇ ಆಗಿದ್ರೆ ಇಷ್ಟು ಭಯ ಇರ್ತಿರಲಿಲ್ಲ ಅಂದ್ರು." ಅವನು ಬಾಚಣಿಗೆಯನ್ನು ದಿಂಬಿನ ಪಕ್ಕಕ್ಕಿಟ್ಟ. "ಇಷ್ಟು ವರ್ಷ ನಿನ್ನ ಸುಳ್ಳಿಗೆ ಒಳಗೊಳಗೇ ನಗ್ತಿದ್ದೆ. ಈಗ ನೋಡು, ಅದು ನಿಜವೇ ಆಗಿರಬಾರದಿತ್ತಾ ಅನಿಸ್ತಿದೆ."

ಅವಳು ಅವನ ಕೈ ಹಿಡಿದು ತನ್ನ ಬೈತಲೆಯ ಮೇಲಿಟ್ಟುಕೊಂಡಳು. ಆಸ್ಪತ್ರೆಗೆ ಬಂದಮೇಲೆ ಅಲ್ಲಿ ಬಿಳಿ ಬೆಳೆದಿತ್ತು.

"ಬಾಲನೆರೆ ರೀ," ಎಂದಳು.

"ಹೂಂ, ಬಾಲನೆರೆನೇ," ಎಂದು ಅವನು ಕಣ್ಣೊರೆಸಿಕೊಂಡು ಮತ್ತೆ ಬಾಚತೊಡಗಿದ.