ಹನ್ನೊಂದು ಹಂಪ್ಸ್, ಒಂದು ಸರ್ಕಾರ

೧
‘ಸ್ವತಂತ್ರ ಸಮಾಜದಲ್ಲಿ ಸರ್ಕಾರ ಎಷ್ಟು ದೊಡ್ಡದಿರಬೇಕು?’ ಎಂದು ಶುರು ಮಾಡಿದೆ. ಬರೆಯುತ್ತಿದ್ದ ನನಗೇ ಆಕಳಿಕೆ ಬಂತು, ಹೊಡೆದುಹಾಕಿದೆ. ಮತ್ತೆ ಹೇಗೆ ಶುರು ಮಾಡುವುದು? ಓದುಗರೇ, ನಿಧಾನವಾಗಿ ಬನ್ನಿ. ಮುಂದೆ ರಸ್ತೆ ಉಬ್ಬುಗಳಿವೆ.

೨
ಆವರಗೆರೆಯ ಕಿರಾಣಿ ಅಂಗಡಿ ಕೊಟ್ಟೂರಪ್ಪನವರಿಗೆ ಸರ್ಕಾರವೆಂದರೆ ಆಗದು. ಹೆಂಡತಿ ಕಸ್ತೂರಮ್ಮನೆಂದರೆ ಜೀವ. ಮೊಣಕಾಲು ನೋವಿನ ಕಸ್ತೂರಮ್ಮ ದಿನಾ ರಸ್ತೆ ದಾಟಿ, ಎದುರು ಮನೆಯ ಓಬವ್ವನ ಜೊತೆ ಚಹಾ ಕುಡಿಯುವವರು. ಹೋದ ತಿಂಗಳು ಒಂದು ಬೈಕು ಸೆರಗು ಸವರಿಕೊಂಡು ಹೋಯಿತು. ಅಂದಿನಿಂದ ಹೊಸ್ತಿಲಲ್ಲೇ ಕೂತರು.

“ಸರ್ಕಾರ ಯಾಕ ಬೇಕು? ನಮ್ ಓಣಿ, ನಮ್ ಸಿಮೆಂಟು!” ಎಂದು ಕೊಟ್ಟೂರಪ್ಪ ಮನೆ ಮುಂದೆ ತಾವೇ ಒಂದು ಹಂಪ್ಸ್ ಹಾಕಿಸಿದರು.

(ಪ್ರಪಂಚದ ಅತಿ ಚಿಕ್ಕ ಸರ್ಕಾರ: ಎತ್ತರ ನಾಲ್ಕು ಇಂಚು.)

ನಾಲ್ಕು ದಿನ ಚಹಾ ಸಾಂಗವಾಗಿ ನಡೆಯಿತು.

೩
ಸ್ವಾತಂತ್ರ್ಯ ಅಂಟುರೋಗ. ವಾರದೊಳಗೆ ಮನೆಗೊಂದರಂತೆ ಹನ್ನೊಂದು ಹಂಪ್ಸ್ ಎದ್ದವು. ಮೂಲೆಮನೆ ಯೋಗರಾಜನದಂತೂ ಹಂಪ್ಸ್ ಅಲ್ಲ, ಗುಡ್ಡ. ಆಟೊಗಳು ಬರುವುದನ್ನೇ ಬಿಟ್ಟವು. ಬೈಕಿನವರು ಉಬ್ಬು ತಪ್ಪಿಸಿ, ಚರಂಡಿಯಂಚಿನಲ್ಲಿ, ಕಸ್ತೂರಮ್ಮನ ಮೆಟ್ಟಿಲಿಗೇ ಉಜ್ಜಿಕೊಂಡು ಹಾಯತೊಡಗಿದರು. ಕಸ್ತೂರಮ್ಮ ಮತ್ತೆ ಹೊಸ್ತಿಲಿಗೆ.

೪
‘ಮಾನ್ಯರೇ, ವಿಷಯ: ಹತ್ತು ಹಂಪ್ಸ್ ತೆಗೆಸಿ ಒಂದನ್ನು ಉಳಿಸಿಕೊಡುವ ಬಗ್ಗೆ.’

ಅರ್ಜಿದಾರರು: ಕೊಟ್ಟೂರಪ್ಪ! ಹರಿಹರದಿಂದ ದಿನಾ ಓಡಾಡುವ ಪಾಲಿಕೆ ಎಂಜಿನಿಯರ್ ರಶ್ಮಿತಾ, ಒಡೆಯುವ ಉಬ್ಬುಗಳಿಗೆ ಗುರುತು ಹಾಕಲು ಸೀಮೆಸುಣ್ಣ ಹಿಡಿದು ಬಂದರು.

“ಯಾವ್ದು ಉಳಿಸ್ಬೇಕ್ರಿ, ಯಜಮಾನ್ರೇ?”

“ನಮ್ದು.”

“ಹನ್ನೊಂದು ಮನ್ಯಾರೂ ಹಂಗೇ ಅಂತಾರ್ರೀ. ರೂಲ್ಸ್ ಪ್ರಕಾರ ನಿಮ್ದೂ ಅನ್‌ಅಥರೈಸ್ಡ್.”

“ಅಥರೈಸ್ ಮಾಡ್ರಿ. ಅದಕ್ಕಲ್ಲೇನು ಕರ್ಸಿದ್ದು?”

“ಮೊನ್ನಿತನ ಸರ್ಕಾರಾನೇ ಬ್ಯಾಡ ಅಂತಿದ್ರಂತೆ?”

“ಈಗ್ಲೂ ಬ್ಯಾಡ. ಇಷ್ಟು ಸಾಕು,” ಎಂದು ಬೆರಳಲ್ಲಿ ನಾಲ್ಕು ಇಂಚು ತೋರಿಸಿದರು.

೫
ಮುಕ್ತಾಯ (ಅ): ರಶ್ಮಿತಾ ಹನ್ನೊಂದನ್ನೂ ಒಡೆಸುತ್ತಾರೆ.
ಮುಕ್ತಾಯ (ಆ): ಪಾಲಿಕೆ ಹನ್ನೆರಡನೆಯದನ್ನು ಹಾಕುತ್ತದೆ, ಉದ್ಘಾಟನೆ ಸಮೇತ.

“ಏನ್ರೀ ಕಥೆಗಾರ್ರೆ,” ಕೊಟ್ಟೂರಪ್ಪ ನನ್ನ ಮೇಲೆ ತಿರುಗಿಬಿದ್ದರು, “ನಮ್ಮನ್ನ ಒಂದ್ ಮಾತು ಕೇಳ್ದೆ ನಮ್ ಬಾಳ್ವೆ ಬರಿಯಾಕ ನೀವ್ಯಾರ್ರೀ? ನೀವೂ ಸರ್ಕಾರಾನಾ?”

(ಹೌದಲ್ಲ! ಈ ಪುಟದ ಮಟ್ಟಿಗೆ ಸರ್ಕಾರ ನಾನೇ. ಅದೂ ಚುನಾವಣೆಯಿಲ್ಲದ್ದು.)

ಅಷ್ಟರಲ್ಲಿ ಕಸ್ತೂರಮ್ಮ ಮೆಟ್ಟಿಲಿಳಿದು ರಸ್ತೆಗೇ ಬಂದಿದ್ದರು.

“ಅಮ್ಮಾ, ತಡೀರಿ! ಕೈ ಹಿಡಿದು ದಾಟಿಸ್ತೀನಿ,” ಎಂದೆ.

“ಕೈ ಬ್ಯಾಡಪ್ಪ. ಗಾಡಿ ನಿಲ್ಸು.”

ನಿಲ್ಲಿಸಿದೆ. ಒಂದೇ ವಾಕ್ಯಕ್ಕೆ ಮೂರು ಬೈಕು, ಒಂದು ಹಾಲಿನ ವ್ಯಾನು ಗಪ್ಪನೆ ನಿಂತವು. ಕಸ್ತೂರಮ್ಮ ತಮ್ಮ ಪಾಡಿಗೆ ತಾವು ದಾಟಿದರು. ಆಚೆ ಓಬವ್ವ ಕಾದಿದ್ದಳು. ಇಬ್ಬರೂ ಚಹಾಕ್ಕೆ ಒಳಗೆ ಹೋದರು ಎಂದು ಬರೆಯುತ್ತಿದ್ದೆ. ಅವರು ಎಡಕ್ಕೆ ತಿರುಗಿ, ಏನೋ ಮಾತಾಡಿ ನಗುತ್ತಾ ನಡೆದೇಬಿಟ್ಟರು.

“ಎಲ್ಲಿಗೆ ಹೊಂಟ್ರಿ?”

“ನಿಂಗ್ಯಾಕಪ್ಪಾ?” ಎಂದಳು ಓಬವ್ವ.

ಸೀಮೆಸುಣ್ಣ ಹಿಡಿದ ರಶ್ಮಿತಾ ನನ್ನ ಮುಖ ನೋಡುತ್ತಿದ್ದಾರೆ. ಕೊಟ್ಟೂರಪ್ಪ ಹೆಂಡತಿ ಹೋದ ದಿಕ್ಕನ್ನು ನೋಡುತ್ತಾ ನಗುತ್ತಿದ್ದಾರೆ. ಹಾಲಿನ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ನಾನಿನ್ನು ಅಡ್ಡ ನಿಲ್ಲಬಾರದು, ಪೂರ್ಣವಿರಾಮವನ್ನೂ ಇಡಬಾರದು,