ಅರ್ಧ ಮಾರ್ಕಿನ ಉಬ್ಬರ

ಜೀವಶಾಸ್ತ್ರದ ಟೀಚರಿಗೆ ಮಕ್ಕಳು ಗುಟ್ಟಾಗಿ ಇಟ್ಟ ಹೆಸರು ಅರ್ಧ ಮಾರ್ಕು. ಉತ್ತರ ಎಷ್ಟೇ ಸರಿಯಿರಲಿ, ಅಳತೆಯ ಮುಂದೆ 'ಸೆಂ.ಮೀ.' ಬರೆಯಲು ಮರೆತರೆ ಅರ್ಧ ಕತ್ತರಿಸಿಯೇ ತೀರುತ್ತಿದ್ದರು. ಹಾಗೆ ಅರ್ಧ ಕಳೆದುಕೊಂಡು ಮೊದಲ ಸ್ಥಾನ ತಪ್ಪಿಸಿಕೊಂಡ ಹುಡುಗಿಯೊಬ್ಬಳು ಇವತ್ತು ಪ್ರವಾಸದ ಬಸ್ಸಿನ ಮೊದಲ ಸೀಟಿನಲ್ಲೇ ಕೂತಿದ್ದಳು. ತರಗತಿಯಲ್ಲಿ ಅವಳು ಲಾಯರಮ್ಮ. ಹೋದ ತಿಂಗಳು ಆ ಅರ್ಧಕ್ಕಾಗಿ ಸ್ಟಾಫ್ ರೂಮಿಗೆ ಮೂರು ಸಲ ಬಂದು ವಾದಿಸಿದ್ದಳು. ಟೀಚರು ಜಪ್ಪಯ್ಯ ಅಂದರೂ ಬಗ್ಗಿರಲಿಲ್ಲ.

ಕಡಲತೀರದ ಈ ಪ್ರವಾಸಕ್ಕಾಗಿ ಟೀಚರು ಹೆಡ್‌ಮಾಸ್ಟರರನ್ನು ಮೂರು ವರ್ಷ ಕಾಡಿಬೇಡಿದ್ದರು. ಕೊನೆಗೂ ಅವರು ಒಪ್ಪಿ, "ಮಧ್ಯಾಹ್ನ ಮೂರಕ್ಕೆ ಮಕ್ಕಳು ಶಾಲೇಲಿರ್ಬೇಕು. ಏನಾದ್ರೂ ಎಡವಟ್ಟಾದ್ರೆ ಇದೇ ಮೊದಲು, ಇದೇ ಕೊನೆ" ಅಂದಿದ್ದರು. ಅಂದರೆ ಒಂದು ಗಂಟೆಗೆ ಬಸ್ಸು ಹೊರಡಲೇಬೇಕು. ಟೀಚರು ಉಬ್ಬರ ಇಳಿತದ ಪಟ್ಟಿ ತರಿಸಿ, ನೀರು ಪೂರ್ತಿ ಇಳಿದು ಬಂಡೆಗಳು ಕಾಣುವ ಹೊತ್ತು ಬೆಳಗ್ಗೆ ಒಂಬತ್ತು ಎಂದು ಗುರುತು ಹಾಕಿಕೊಂಡಿದ್ದರು.

ಒಂಬತ್ತಕ್ಕೆ ಸರಿಯಾಗಿ ಬಸ್ಸು ನಿಂತಿತು. ಮೂವತ್ತೆರಡು ಮಕ್ಕಳು ಬಕೆಟ್ಟು, ಭೂತಗನ್ನಡಿ, ಬರೆಯುವ ರಟ್ಟು ಹಿಡಿದು ಧಡಧಡ ಇಳಿದರು. ಬಂಡೆ ಅನ್ನುವುದು ಒಂದೂ ಇರಲಿಲ್ಲ. ಸಮುದ್ರ ಕಟ್ಟೆಯ ಮೇಲಿನ ಮೆಟ್ಟಿಲವರೆಗೂ ಬಂದು ಆರಾಮಾಗಿ ಕೂತಿತ್ತು.

ಟೀಚರು ಬೆನ್ನು ತಿರುಗಿಸಿ ಪಟ್ಟಿ ತೆಗೆದರು. 9:05, ಮೇಲೆ 'ಉಬ್ಬರ' ಎಂದು ಗುಂಡುಗುಂಡಾಗಿ ಬರೆದಿತ್ತು. ಇಳಿತ ಪಕ್ಕದ ಕಾಲಂನಲ್ಲಿತ್ತು, ಮಧ್ಯಾಹ್ನ 3:20. ಪಟ್ಟಿಯನ್ನು ಮಡಚಿ ಬ್ಯಾಗಿಗೆ ತುರುಕಿದರು.

"ಮೊದ್ಲು ಎಲ್ರೂ ಉಬ್ಬರ ನೋಡಿ," ಎಂದರು ಗಂಭೀರವಾಗಿ. "ಅಲೆ ಎಣಿಸಿ ಬರ್ಕೊಳ್ಳಿ."

ನೂರು ಅಲೆಯಾದ ಮೇಲೆ ಒಬ್ಬ ಆಕಳಿಸಿದ. ಇನ್ನೂರಾದ ಮೇಲೆ ಇಬ್ಬರು ತಿಂಡಿ ಡಬ್ಬಿ ಬಿಚ್ಚಿದರು. ಹೀಗೇ ಮಧ್ಯಾಹ್ನ ಒಂದರವರೆಗೆ ತಳ್ಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂರಕ್ಕೆ ಶಾಲೆ ಸೇರಬಹುದು, ಮಾನವೂ ಉಳಿಯುತ್ತದೆ. ಆದರೆ ಮಕ್ಕಳ ಪಾಲಿಗೆ ನಕ್ಷತ್ರಮೀನು ಪುಸ್ತಕದ ಕಪ್ಪುಬಿಳುಪು ಚಿತ್ರದಲ್ಲೇ ಉಳಿದುಬಿಡುತ್ತದೆ. ಟೀಚರಿಗೆ ತಮ್ಮ ಮೇಲೇ ನಾಚಿಕೆಯಾಯಿತು.

ಲಾಯರಮ್ಮ ಪಕ್ಕದಲ್ಲಿ ಬಂದು ನಿಂತಳು. "ಟೀಚರ್, ನೀರು ಎಷ್ಟೊತ್ತಿಗೆ ಇಳಿಯುತ್ತೆ?"

ಇವತ್ತು ಯಾಕೋ ಇಳಿಯೋ ಹಾಗೆ ಕಾಣಲ್ಲ ಕಣಮ್ಮ, ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು.

"ಮೂರೂ ಇಪ್ಪತ್ತಕ್ಕೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ನಾನು ಕಾಲಂ ತಪ್ಪು ಓದಿದೀನಿ. ತಪ್ಪು ನಂದೇ."

ಮೂವತ್ತೆರಡು ಬಾಯಿ ಒಟ್ಟಿಗೆ ಮುಚ್ಚಿದವು. ಶಾಲೆಯ ಚರಿತ್ರೆಯಲ್ಲೇ ಅದು ಮೊದಲು.

ಟೀಚರು ಹೆಡ್‌ಮಾಸ್ಟರರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದರು. ಬೈಗುಳ ಫೋನಿನಿಂದ ಹೊರಗೂ ಕೇಳಿಸಿತು. "ಆರು ಗಂಟೆ, ಒಂದು ನಿಮಿಷ ಜಾಸ್ತಿಯಿಲ್ಲ. ಮನೆಯವರಿಗೆಲ್ಲ ನಾನೇ ಹೇಳ್ತೀನಿ. ನಾಳೆ ಮಕ್ಕಳ ವರದಿ ನನ್ನ ಮೇಜಿನ ಮೇಲಿರ್ಲಿ. ಮುಂದಿನ ವರ್ಷದ ಮಾತು ಅದನ್ನ ನೋಡಿದ್ಮೇಲೆ."

"ನಂಗೇನಮ್ಮ, ನಿದ್ದೆ ಮಾಡೋಕೂ ಸಂಬಳ ಕೊಟ್ರೆ ಬೇಡ ಅಂತೀನಾ," ಎಂದು ಡ್ರೈವರ್ ಮಾವ ಹಿಂದಿನ ಸೀಟಿನಲ್ಲಿ ಕಾಲು ಚಾಚಿದ.

ಎರಡರ ಹೊತ್ತಿಗೆ ಬಂಡೆಗಳು ಒಂದೊಂದೇ ತಲೆಯೆತ್ತಿದವು. ನಡುವಿನ ನೀರಗುಂಡಿಗಳಲ್ಲಿ ಖಾಲಿ ಶಂಖದೊಳಗೆ ಬಾಡಿಗೆಗಿದ್ದ ಏಡಿ ಸಿಕ್ಕಿತು, ಮುಟ್ಟಿದರೆ ಮುದುಡುವ ಹೂವಿನಂಥ ಪ್ರಾಣಿ ಸಿಕ್ಕಿತು, ಕೊನೆಗೆ ಕಿತ್ತಳೆ ಬಣ್ಣದ ನಕ್ಷತ್ರಮೀನೂ ಸಿಕ್ಕಿತು. ಅದನ್ನು ಹುಡುಕಿದವಳು ಲಾಯರಮ್ಮ.

"ಪುಸ್ತಕದಲ್ಲಿ ಐದು ತೋಳು ಅಂತಿದೆ ಟೀಚರ್. ಇದಕ್ಕೆ ನಾಲ್ಕೂವರೆ."

"ಕಳೆದುಹೋದ ತೋಳು ಮತ್ತೆ ಬೆಳೀತಾ ಇದೆ ಕಣೇ," ಎಂದ ಟೀಚರ ದನಿ ಮಕ್ಕಳಿಗಿಂತ ಜೋರಾಗಿತ್ತು. ಸೀರೆಯ ನಿರಿಗೆ ನೀರಿನಲ್ಲಿ ತೇಲುತ್ತಿದ್ದುದು ಅವರ ಗಮನಕ್ಕೇ ಬರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲೇ ವರದಿಗಳು ಕೈಸೇರಿದವು. ಲಾಯರಮ್ಮನ ಹಾಳೆಯಲ್ಲಿ ಇಪ್ಪತ್ತು ಜೀವಿಗಳಿದ್ದವು, ಪ್ರತಿಯೊಂದರ ಮುಂದೂ 'ಸೆಂ.ಮೀ.' ಇತ್ತು. ಅಡಿಯಲ್ಲಿ ಒಂದು ಸಾಲು: ಪಟ್ಟಿ ಓದುವಾಗ ಕಾಲಂ ತಪ್ಪಿದೆ, ಟೀಚರಿಗೆ ಹತ್ತಕ್ಕೆ ಒಂಬತ್ತೂವರೆ.

"ವಿಧಾನ ಎಲ್ಲ ಸರಿಯಿತ್ತಲ್ಲಮ್ಮ, ಓದೋವಾಗ ಒಂಚೂರು..." ಎಂದು ಟೀಚರು ಶುರು ಮಾಡಿದರು.

"ನಾನೂ ಅದನ್ನೇ ಹೇಳಿದ್ದೆ ಟೀಚರ್. ಮೂರು ಸಲ."

ಅರ್ಧ ಮಾರ್ಕು ಎಷ್ಟು ಉರಿಯುತ್ತದೆಂದು ಟೀಚರಿಗೆ ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಗೊತ್ತಾಯಿತು. ಆಮೇಲೆ ಕೆಂಪು ಪೆನ್ನು ತೆಗೆದು ಆ ಸಾಲಿನ ಕೆಳಗೆ ಸಹಿ ಹಾಕಿ, ಹೆಡ್‌ಮಾಸ್ಟರರ ಮೇಜಿಗೆ ಹೋಗುವ ಕಟ್ಟಿನಲ್ಲಿ ಆ ಹಾಳೆಯನ್ನೇ ಎಲ್ಲಕ್ಕಿಂತ ಮೇಲೆ ಇಟ್ಟರು.