ಇಲ್ಲದ ಕೈಯ ನೋವು

೨೦೦೭ರ ಆಗಸ್ಟ್. ಅಕ್ಕೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ರಾಧಾಮಣಿ ಹತ್ತನೇ ತರಗತಿಗೆ ನರಮಂಡಲದ ಪಾಠ ಮಾಡುತ್ತಿದ್ದರು. ಬೋರ್ಡಿನ ಮೇಲೆ ಒಂದು ಕೈ, ಬೆನ್ನುಹುರಿ, ಮೆದುಳು ಬರೆದು ಕೇಳಿದರು: "ಮುಳ್ಳು ಚುಚ್ಚಿದರೆ ನೋವಾಗೋದು ಎಲ್ಲಿ?"

"ಚುಚ್ಚಿದ್ ಜಾಗ್ದಲ್ಲಿ," ಎಂದರು ಮಕ್ಕಳು.

"ಅಲ್ಲ. ಅಲ್ಲಿಂದ ಸುದ್ದಿ ಹೋಗುತ್ತೆ ಅಷ್ಟೇ. ಅದನ್ನ ನೋವು ಅಂತ ಮಾಡೋದು ಮೆದುಳು."

ಮೂರನೇ ಬೆಂಚಿನ ಮಾನ್ಯ ಎದ್ದು ನಿಂತಳು. ಎಂದೂ ಪ್ರಶ್ನೆ ಕೇಳಿದವಳಲ್ಲ. "ಮಿಸ್, ಇಲ್ದೇ ಇರೋ ಕೈ ನೋಯ್ತದಾ?"

ಹಿಂದಿನ ಬೆಂಚಿನವರು ನಕ್ಕರು. ರಾಧಾಮಣಿ ನಗಲಿಲ್ಲ. ಮಾನ್ಯಳ ಅಪ್ಪ ಚಿಕ್ಕರಾಜು ಕುರಿ ಮಾರಿ ಬಿಡದಿ ಕಡೆಯ ಕಾರ್ಖಾನೆಯೊಂದಕ್ಕೆ ಸೇರಿದ್ದು, ಯುಗಾದಿಗೆ ಮುಂಚೆ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಅವನ ಬಲಗೈ ಮಣಿಕಟ್ಟಿನವರೆಗೂ ಹೋಗಿದ್ದು ಊರಿಗೆಲ್ಲ ಗೊತ್ತಿತ್ತು.

"ನೋಯುತ್ತೆ ಮಾನ್ಯ. ಕೈ ಹೋದರೂ ಮೆದುಳಲ್ಲಿ ಅದರ ಜಾಗ ಹಂಗೇ ಇರುತ್ತೆ. ಅದು ನಿಜವಾದ ನೋವೇ."

ಹುಡುಗಿ ಕೂರಲಿಲ್ಲ. "ನಾಟ್ಕ ಆಡ್ಬ್ಯಾಡ ಅಂದ್ಬುಟ್ಟಿದ್ದೆ ಮಿಸ್ ಅಪ್ಪುಂಗೆ," ಎಂದು ಅಳತೊಡಗಿದಳು.

ಸಂಜೆ ರಾಧಾಮಣಿ ಅವಳ ಜೊತೆ ಮನೆಗೆ ಹೋದರು. ಚಿಕ್ಕರಾಜು ಮೊಂಡುಗೈಯನ್ನು ಎಡ ಕಂಕುಳಲ್ಲಿ ಅದುಮಿಕೊಂಡು ಜಗಲಿಯ ಮೇಲೆ ಕೂತಿದ್ದ. ಅವನ ತಾಯಿ ತಿಮ್ಮಮ್ಮ ಒಳಗೆ ರಾಗಿ ಕೇರುತ್ತಿದ್ದಳು.

"ಹೆಂಗಿರುತ್ತೆ ನೋವು?" ಎಂದು ರಾಧಾಮಣಿ ಕೇಳಿದರು.

"ಮುಷ್ಟಿ ಬಿಗ್ದಂಗೈತೆ ಮೇಡಂ. ಉಗುರು ಅಂಗೈಗೆ ಇಳೀತಾವೆ. ಬಿಚ್ಚಾನ ಅಂದ್ರೆ ಬೆರಳೇ ಇಲ್ಲ. ಫ್ಯಾಕ್ಟ್ರಿ ಡಾಕ್ಟ್ರು ಗಾಯ ಮಾಗೈತೆ, ನೋವು ಸುಳ್ಳು ಅಂದ್ರು. ನಮ್ಮವ್ವ ಯಾರ್ನೋ ಕೇಳುದ್ಲು, ಗಾಳಿ ಮೆಟ್ಕೊಂಡೈತೆ ಅಂದ್ರಂತೆ. ಮೊನ್ನೆ ಬೇವಿನ ಬರ್ಲಲ್ಲಿ ಬೆನ್ನಿಗೆ ಹೊಡ್ಸುದ್ಲು."

ರಾಧಾಮಣಿ ತರಗತಿಯಲ್ಲಿ ಹೇಳಿದ್ದನ್ನೇ ನಿಧಾನವಾಗಿ ಮತ್ತೆ ಹೇಳಿದರು. ಅವನು ಕೊನೆಯವರೆಗೂ ಕೇಳಿದ.

"ಹಂಗಾರೆ ಯಾವಾಗ ನಿಲ್ತದೆ?"

"ಗೊತ್ತಿಲ್ಲ. ಕೆಲವರಿಗೆ ಕಮ್ಮಿ ಆಗುತ್ತೆ, ಕೆಲವರಿಗೆ ಆಗೋದಿಲ್ಲ. ಬೆಂಗಳೂರಲ್ಲಿ ನರದ ಡಾಕ್ಟರಿಗೆ ತೋರಿಸಬೇಕು."

ಅವನು ಒಳಗಿದ್ದ ತಾಯಿಯ ಕಡೆ ಕತ್ತು ತಿರುಗಿಸಿದ. ಆಮೇಲೆ, "ಸುಳ್ಳಲ್ಲ ಅಂದ್ರಲ್ಲ, ಅದ್ನ ಇನ್ನೊಂದ್ಸಲ ಹೇಳಿ ಮೇಡಂ. ಒಸಿ ಜೋರಾಗಿ. ನಮ್ಮವ್ವುಂಗೂ ಕೇಳ್ಸ್ಲಿ," ಎಂದ.

ರಾಧಾಮಣಿ ಜೋರಾಗಿ ಹೇಳಿದರು. ಒಳಗೆ ಮೊರದ ಸದ್ದು ನಿಂತಿತು. ತಿಮ್ಮಮ್ಮ ಹೊರಬಂದು ಮಗನ ಅಂಗಿ ಎತ್ತಿ, ಬೆನ್ನಿನ ಬಾಸುಂಡೆಗಳ ಮೇಲೆ ಕೈಯಿಟ್ಟು ಕೂತಳು.

ಆ ವರ್ಷ ತಾಯಿ ಮಗ ನಾಲ್ಕು ಸಲ ಬೆಂಗಳೂರಿಗೆ ಹೋಗಿಬಂದರು. ಮಾತ್ರೆಯಿಂದ ಒಂದಿಷ್ಟು ನಿದ್ದೆ ಬಂತು, ನೋವು ಹೋಗಲಿಲ್ಲ. ಅದು ಬಂದಾಗಲೆಲ್ಲ ಚಿಕ್ಕರಾಜು ಬಾಯಿಬಿಟ್ಟು ಅರಚುತ್ತಿದ್ದ. ಮನೆಯಲ್ಲಿ ಯಾರೂ ಅವನಿಗೆ ಸುಮ್ಮನಿರು ಎನ್ನಲಿಲ್ಲ.